ಬೂಷ್ಟಿಗೆ ಭಂಡಾರ

ಅಕ್ಕಲಕೋಟದ ನಮ್ಮ ಮನೆಯ ಹಿಂದಿನ ಕಲ್ಲಿನ ಕೋಣೆ ತಂಪು. ಅದೇ ತಪ್ಪಾಯಿತು. ಸೊಲ್ಲಾಪುರದಲ್ಲಿ ಮೊಮ್ಮಗಳ ಬಾಡಿಗೆ ರೂಮಿನ ತಗಡು ಹಂಚಿನಂತೆ ಕಾಯುತ್ತದೆ, ಅವಳು ಪ್ರಯೋಗಕ್ಕೆಂದು ಬೆಳೆಸುವ ಫಂಗಸ್ ಅಲ್ಲಿ ಬದುಕುವುದಿಲ್ಲ. ಎಸ್.ಟಿ. ಬಸ್ಸಿನಲ್ಲಿ ಟ್ರೇಗಳನ್ನು ಮಡಿಲಲ್ಲಿಟ್ಟು ತಂದು ನನಗೆ ಒಪ್ಪಿಸಿ ಹೋದಳು.

ಮಗ್ಗದ ಮಶೀನುಗಳು ಬರುವ ಪೈನ್ ಮರದ ಪೆಟ್ಟಿಗೆಗಳನ್ನು ಚೂರು ಮಾಡಿ ಕಾಗದ ಮಾಡಬೇಕೆಂಬುದು ಅವಳ ಹಟ. ಆದರೆ ಪೈನ್ ತುಂಬ ಅಂಟಂಟು ರಾಳ. ಹಾಗೇ ಅರೆದರೆ ಹಾಳೆ ಎತ್ತುವ ಜಾಲರಿಗೆ ಮೆತ್ತಿಕೊಂಡು ಹಾಳೆಯೆಲ್ಲ ಚುಕ್ಕೆ, ತೂತು. ಮೊದಲು ಚೂರುಗಳ ಮೇಲೆ ಈ ಬಿಳಿ ಬೂಷ್ಟು ಬೆಳೆಸಿದರೆ ಅದು ರಾಳವನ್ನು ತಿಂದುಬಿಡುತ್ತದಂತೆ. ಕಾಗದದ ಕಾರ್ಖಾನೆಯ ಸಾವ್ಕಾರರು ಒಂದೇ ಚಾನ್ಸ್ ಕೊಟ್ಟಿದ್ದರು: ಹಾಳೆ ಕ್ಲೀನ್ ಬಂದರೆ ಕೆಲಸ, ಇಲ್ಲದಿದ್ದರೆ ನಮಸ್ಕಾರ.

ಮನೆಯಲ್ಲಿ ನನ್ನ ನಾದಿನಿಯೂ ಇದ್ದಾಳೆ. ಕರಜಗಿಯಲ್ಲಿ ಕುರಿಗಳ ನಡುವೆ ಬೆಳೆದವಳು, ಕುರಿಗಾರರ ದೇವರು ಬೀರೋಬಾನ ಭಕ್ತೆ. ಬೂಷ್ಟು ಕಂಡದ್ದೇ ಟ್ರೇ ಎತ್ತಿ ಬಿಸಿಲಿಗೆ ಹೊರಟಳು.

"ಪ್ಲೀಸ್, ಮುಟ್ಟಬ್ಯಾಡ! ಅದು ಎಕ್ಸ್‌ಪೆರಿಮೆಂಟ್."

"ವೈನಿ, ಕಾನ್ವೆಂಟಿನಾಗ ಇದನ್ನ ಕಲಿಸ್ಯಾರೇನು? ಬೂಷ್ಟ ಸಾಕೂದು?"

ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಎಷ್ಟು ಚೆನ್ನಾಗಿ ಕಲಿಸಿದ್ದರು, ಟೇಬಲ್ ಮ್ಯಾನರ್ಸ್, ಹಿಮ್ಸ್, ನೀಟಾದ ಕೈಬರಹ. ನಾದಿನಿಗೆ ತಿಳಿಹೇಳುವುದು ಮಾತ್ರ ಸಿಲೆಬಸ್ಸಿನಲ್ಲಿ ಇರಲಿಲ್ಲ. ಬೇಸತ್ತು ಹೇಳಿದೆ: "ಅದಕ್ಕೂ ಜೀವ ಐತಿ. ಉಣ್ಣತೈತಿ, ಬೆಳೀತೈತಿ. ಕೂಸಿನ್ಹಂಗ ನೋಡ್ಕೋಬೇಕು."

ಅವಳು ಮೆತ್ತಗಾದಳು. "ಮೊದಲೇ ಹೇಳಬಾರದೇನು?"

ಗೆದ್ದೆನೆಂದುಕೊಂಡೆ. ಮರುದಿನ ನೋಡಿದರೆ ಎಲ್ಲ ಟ್ರೇಗಳೂ ಹಳದಿ! ಬೀರೋಬಾನ ಭಂಡಾರವನ್ನು, ಆ ಅರಿಶಿಣದ ಪುಡಿಯನ್ನು, ಮುಷ್ಟಿಗಟ್ಟಲೆ ತೂರಿದ್ದಳು.

"ಮೈ ಗಾಡ್! ಏನ್ ಮಾಡಿದಿ ಇದನ್ನ?"

"ಮರಿ ಹುಟ್ಟಿದ್ರ ಭಂಡಾರ ಹಚ್ಚಂಗಿಲ್ಲೇನು? ಜೀವ ಐತಿ ಅಂದವರು ನೀವ!"

ಹುಳಹುಪ್ಪಟೆ, ಬೂಷ್ಟು ಹತ್ತದಿರಲೆಂದು ನಾವು ಕಾಳಿನ ಡಬ್ಬಿಗಳಿಗೆ ಹಾಕುವುದೂ ಅರಿಶಿಣವನ್ನೇ ಅಲ್ಲವೇ! ಕೆಲವು ದಿನಗಳಲ್ಲಿ ಬೂಷ್ಟು ಕಂದಿ ಕುಗ್ಗಿತು. ಮೊಮ್ಮಗಳು ಓಡಿ ಬಂದಳು. ಚೂರುಗಳನ್ನು ಕೆದಕಿ ತಳದಲ್ಲಿ ಉಳಿದ ಬಿಳಿಯನ್ನು ಹುಡುಕಿ ತೆಗೆದಳು. "ಇದರಿಂದ ಮತ್ತ ಬೆಳಸಬಹುದು, ಆಯಿ. ಆದ್ರ ಸಾವ್ಕಾರು ಕಾಯಂಗಿಲ್ಲ" ಎನ್ನುತ್ತ ಅವರಿಗೇ ಫೋನ್ ಹಚ್ಚಿದಳು.

ನಾದಿನಿ ಅವಳ ಕೈಯಿಂದ ಫೋನ್ ಕಸಿದುಕೊಂಡಳು. "ಸಾವ್ಕಾರ್ರ, ಹುಡುಗೀದೇನೂ ತಪ್ಪಿಲ್ರಿ. ಬೂಷ್ಟಿಗೆ ಭಂಡಾರ ಹಾಕಿ ಕೆಡಿಸಿದಾಕಿ ನಾನು. ಖಂಡೇನವಮಿ ಆಯುಧಪೂಜಿಗೆ ನಿಮ್ಮ ಮಶೀನಿಗೆ ನೀವು ಅರಿಶಿಣ ಕುಂಕುಮ ಹಚ್ಚಂಗಿಲ್ಲೇನ್ರಿ? ಅದಕ್ಕರ ಜೀವ ಐತೇನು?"

ಆ ಕಡೆಯಿಂದ ದೊಡ್ಡ ನಗು. "ಆತು ಬಾಯಿ, ಮುಂದಿನ ತಿಂಗಳ ತರ್ರಿ. ಆದ್ರ ಹಾಳಿ ಬಿಳೀದು ತರ್ರಿ, ಹಳದೀದು ಬ್ಯಾಡ!"

ಈಗ ಹೊಸ ಟ್ರೇಗಳು ಕೋಣೆಯಲ್ಲಿವೆ. ಬೀಗ ಹಾಕಿ ಕೀಲಿಯನ್ನು ನನ್ನ ಸೊಂಟಕ್ಕೇ ಸಿಕ್ಕಿಸಿಕೊಂಡಿದ್ದೇನೆ. ಇವತ್ತು ಬಾಗಿಲು ತೆಗೆದು ನೋಡಿದೆ. ಒಳಗೆ ಎಲ್ಲವೂ ಹಾಲಿನಂತೆ ಬೆಳ್ಳಗೆ, ಥ್ಯಾಂಕ್ ಗಾಡ್.

ಬೀಗ ಮಾತ್ರ ಹಳದಿ.