ಬಾವಿಯ ಎಂಜಿನ್ನು ಸೋರಿದ್ದು

ನಾನು ಎಂಜಿನ್ ರಿಪೇರಿ ಕಲಿತವಳಲ್ಲ. ಮೂರನೆಯ ಇಯತ್ತೆಗೇ ಶಾಲೆ ಬಿಡಿಸಿ ಮನೆಯಲ್ಲಿ ಕೂರಿಸಿದ್ದರು. ಆದರೆ ಗಂಡನ ಪಕ್ಕದಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದು ಕೂತು ಕೂತು ಒಂದು ಸಂಗತಿ ತಿಳಿದುಕೊಂಡಿದ್ದೇನೆ. ಗಂಡಸರು ಯಂತ್ರ ಬಿಚ್ಚುವಾಗ ಎಲ್ಲ ಬಲ್ಲವರ ಹಾಗೆ ಇರುತ್ತಾರೆ, ಕೂಡಿಸುವಾಗ ಹೆಂಡತಿಯನ್ನು ಕರೆಯುತ್ತಾರೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಹುನಗುಂದದಿಂದ ಇಳಕಲ್ಲಿಗೆ ಹೋಗುವ ದಾರಿಯಲ್ಲಿ ನಮ್ಮ ಹೊಲ. ಬಾವಿಗೆ ಕರೆಂಟು ಬಂದಿರಲಿಲ್ಲ. ಬಾಗಲಕೋಟೆಯ ತೋಟದವರೊಬ್ಬರು ಬಳಸಿ ಬಿಟ್ಟ ಹಳೆಯ ಎಂಜಿನ್ನನ್ನು ನಮ್ಮ ಮನೆಯವರು ಲಾರಿಗೆ ಹಾಕಿಸಿಕೊಂಡು ತಂದಿದ್ದರು. ಪೆಟ್ರೋಲಿನಿಂದ ಶುರುವಾಗಿ, ಕಾದ ಮೇಲೆ ಚಿಮಣಿ ಎಣ್ಣೆಯಲ್ಲಿ, ಅಂದರೆ ಸೀಮೆಎಣ್ಣೆಯಲ್ಲಿ, ಓಡುವಂಥದ್ದು. ಅದು ಬಂದ ವಾರವೇ ಎತ್ತಿನಿಂದ ನೀರೆತ್ತುವ ಕಪಲಿಯ ತೊಗಲಿನ ಚೀಲವನ್ನು ಯಾರಿಗೋ ಕೊಟ್ಟುಬಿಟ್ಟರು. "ಎತ್ತು ಹಿಂದ ಮುಂದ ಓಡ್ಯಾಡಿಸಿ ನೀರ ಎತ್ತೋ ಕಾಲ ಮುಗೀತು" ಎಂದರು. ಎತ್ತುಗಳು ಒಮ್ಮೆಯೂ ಸೋರಿರಲಿಲ್ಲ ಎಂದು ನಾನು ಆಗಲೇ ಹೇಳಬೇಕಿತ್ತು, ಆದರೆ ಅದು ಹೊಳೆದದ್ದು ಆಮೇಲೆ.

ನಾಗರ ಅಮಾವಾಸ್ಯೆಯ ದಿನ ಚಕ್ಕಡಿ, ನೇಗಿಲು, ಕುಂಟೆ ತೊಳೆದ ಹಾಗೆ ಎಂಜಿನ್ನನ್ನೂ ತೊಳೆದರು. ಮೇಲೆ ಮೇಲೆ ತೊಳೆದರೆ ಸಾಲದೆಂದು ಕಾರ್ಬೊರೇಟರನ್ನು ಬಿಚ್ಚಿ, ಒಂದೊಂದೇ ಭಾಗವನ್ನು ಮಗುವಿಗೆ ಎರೆದಂತೆ ಎರೆದು ಒರೆಸಿ ಕೂಡಿಸಿದರು. ಆಮೇಲೆ ನಾವು ಉಳ್ಳಾಗಡ್ಡಿಯ ಅಗಿ, ಅಂದರೆ ಎಳೆಯ ಸಸಿ, ಹಚ್ಚಿದೆವು. ಹಚ್ಚಿದ ದಿನ ಎಂಜಿನ್ನು ಹನಿ ಹನಿ ತೊಟ್ಟಿಕ್ಕಿಸುತ್ತಲೇ ನೀರು ಕೊಟ್ಟಿತು. ಎರಡನೆಯ ನೀರು ಹಾಯಿಸಬೇಕಾದ ಬೆಳಿಗ್ಗೆ ಮಾತ್ರ ಕಾರ್ಬೊರೇಟರಿನಿಂದ ಎಣ್ಣೆ ಧಾರೆಯಾಗಿ ಸುರಿಯತೊಡಗಿತು. ಹಗ್ಗ ಸುತ್ತಿ ಎಷ್ಟು ಎಳೆದರೂ ಎಂಜಿನ್ನು ಕೆಮ್ಮಿ ಸುಮ್ಮನಾಗುತ್ತಿತ್ತು. ಮೋಡವಿತ್ತು, ಮಳೆ ಇರಲಿಲ್ಲ. ಅಗಿ ಆಗಲೇ ತಲೆ ಬಾಗಿಸಿದ್ದವು. ಅಂದು ಸಂಜೆಯೊಳಗೆ ನೀರು ಮುಟ್ಟದಿದ್ದರೆ ಆ ವರ್ಷದ ಉಳ್ಳಾಗಡ್ಡಿ ಇಲ್ಲ. ಮತ್ತೆ ಹಚ್ಚಲು ಬೇರೆ ಅಗಿಯೂ ಉಳಿದಿರಲಿಲ್ಲ.

ನಮ್ಮ ಮನೆಯವರು ಬಸ್ಸು ಹತ್ತಿ ಹುನಗುಂದಕ್ಕೆ ಓಡಿದರು. ಅಲ್ಲಿಯ ಮಿಸ್ತ್ರಿ ಶ್ರಾವಣ ಸೋಮವಾರವೆಂದು ಅಂಗಡಿ ಮುಚ್ಚಿ ಮಹಾಕೂಟಕ್ಕೆ ಹೋಗಿದ್ದನಂತೆ. ಬರಿಗೈಲಿ ಬರಬಾರದೆಂದೋ ಏನೋ, ಒಂದು ಬಟ್ಟೆ ಸಾಬಾನು ತಂದರು.

"ಮಿಸ್ತ್ರಿ ತರ್ತೇನಿ ಅಂತ ಹೋಗಿ ಸಾಬಾನು ತಂದ್ರೇನ್ರಿ?"

"ನಿನಗೇನ ಗೊತ್ತು. ಎಣ್ಣಿ ಸೋರೂದಕ್ಕ ಸಾಬಾನೇ ಮದ್ದು. ಪಾನಾ ಹಿಡಿ ನೀ."

ಹಿಡಿದೆ. ಅವರು ಟಾಕಿಯ ಬಾಯಿ, ನಳಿಕೆ, ಬೋಲ್ಟು ಒಂದನ್ನೂ ಬಿಡದೆ ಸಾಬಾನು ತಿಕ್ಕಿ ಮೆತ್ತಿದರು. ಎಣ್ಣೆ ಅದರ ಪಕ್ಕದಿಂದ ದಾರಿ ಮಾಡಿಕೊಂಡು ಬಂತು.

"ಇನ್ನೊಂದೀಟು ತಿಕ್ಕರಿ. ಸೋರೂದು ನಿಲ್ಲದಿದ್ರೂ ಮೈಲಿಗಿ ಹೋಗತೈತಿ" ಎಂದೆ.

ಆಮೇಲೆ ಮುಚ್ಚಳದ ಕೆಳಗಿನ ಪ್ಯಾಕಿಂಗ್ ಹೋಗಿರಬೇಕು ಎಂದರು. ಪ್ಯಾಕಿಂಗ್ ಎಂದರೆ ಎರಡು ಕಬ್ಬಿಣದ ನಡುವೆ ಇಡುವ ದಪ್ಪ ಕಾಗದ. ಮನೆಯಲ್ಲಿದ್ದ ದಪ್ಪ ಕಾಗದವೆಂದರೆ ನನ್ನ ತಂಗಿಯ ಮಗಳ ಲಗ್ನಪತ್ರಿಕೆ ಒಂದೇ. ಲಗ್ನ ಇನ್ನೂ ಆಗಿರಲಿಲ್ಲ. ಅದನ್ನೇ ದುಂಡಗೆ ಕತ್ತರಿಸಿ ಕೂಡಿಸಿದರು. ಎಣ್ಣೆ ಈಗ ಪತ್ರಿಕೆಯ ಅರಿಷಿಣ ಕಲಸಿಕೊಂಡು ಹಳದಿಯಾಗಿ ಸೋರಿತು.

"ಮುಹೂರ್ತ ಎಷ್ಟೊತ್ತಿಗೈತಿ ಅಂತ ಇನ್ನ ಎಂಜಿನ್ನಿಗೇ ಕೇಳಬೇಕು" ಎಂದೆ.

ಇಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿತ್ತು. ಅತ್ತೆ ಬೇವಿನ ಗಿಡದ ಕೆಳಗೆ ಕೂತು ಎಲ್ಲ ನೋಡುತ್ತಿದ್ದರು. ಮಗ ಪ್ರತಿ ಸಲ ಕಾರ್ಬೊರೇಟರ್ ಮುಚ್ಚುವಾಗಲೂ ಕರೆದು ಹೇಳುತ್ತಿದ್ದರು: "ಬಿಚ್ಚಿದ್ದನ್ನ ಬೋಳ ಮುಚ್ಚಬ್ಯಾಡಪಾ." ಅವರೂ ತಾಯಿಯ ಕೈಯಿಂದ ವಿಭೂತಿ ಗಟ್ಟಿ ಇಸಿದುಕೊಂಡು, ಬೆರಳು ಒದ್ದೆ ಮಾಡಿ, ಭಕ್ತಿಯಿಂದ ಹಚ್ಚಿ ಮುಚ್ಚುತ್ತಿದ್ದರು. ನಮ್ಮ ಮನೆಯಲ್ಲಿ ಹೊಸ ಗಡಿಗೆಯಿಂದ ಹಿಡಿದು ಹೊಲಿಗೆ ಹಾಕಿದ ಚಪ್ಪಲಿಯ ತನಕ ವಿಭೂತಿ ಕಾಣದೆ ಬಳಕೆಗೆ ಬಂದ ವಸ್ತು ಇರಲಿಲ್ಲ. ಹಾಗಾಗಿ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಮತ್ತೆ ಬಿಚ್ಚಿದಾಗ ನಾನು ಪಾನಾ ಕೆಳಗಿಟ್ಟು ಹತ್ತಿರ ಸರಿದೆ. ಒಳಗೊಂದು ಹಿತ್ತಾಳೆಯ ಪೊಳ್ಳು ಡಬ್ಬಿ ಇತ್ತು. ಎಣ್ಣೆ ಏರಿದ ಹಾಗೆ ಅದೂ ತೇಲಿ ಏರುತ್ತದೆ, ಏರಿ ಒಂದು ಸಣ್ಣ ಮುಳ್ಳನ್ನು ದೂಡಿ ಎಣ್ಣೆ ಬರುವ ತೂತನ್ನು ಮುಚ್ಚುತ್ತದೆ ಎಂದು ನಮ್ಮ ಮನೆಯವರೇ ತಿಳಿಸಿ ಹೇಳಿದರು. ಹೇಳುವುದರಲ್ಲಿ ಅವರದು ಎತ್ತಿದ ಕೈ.

"ಹಂಗಾರ ಈ ಡಬ್ಬಿ ತೂತ ಬಿದ್ದು ಒಳಗ ಎಣ್ಣಿ ಹೊಕ್ಕಿರಬೇಕಲ್ರಿ" ಎಂದು ಅದನ್ನು ಕಿವಿಯ ಹತ್ತಿರ ಹಿಡಿದು ತೆಂಗಿನಕಾಯಿ ಅಲುಗಿಸಿದ ಹಾಗೆ ಅಲುಗಿಸಿದೆ. ಸಪ್ಪಳವಿಲ್ಲ. ಚಹಾಕ್ಕೆ ಕಾಯಿಸಿದ್ದ ನೀರಿನಲ್ಲಿ ಮುಳುಗಿಸಿ ಹಿಡಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಡಬ್ಬಿ ಗಟ್ಟಿಯಿತ್ತು, ಚಹಾ ಹೋಯಿತು.

ಉಳಿದದ್ದು ಮುಳ್ಳು. ಟಾಕಿಯ ನಳಿಕೆ ಕಳಚಿದೆ. ಡಬ್ಬಿಯನ್ನು ಎತ್ತಿ ಹಿಡಿಯಲು ಅವರಿಗೆ ಹೇಳಿ, ಎಣ್ಣೆ ಬರುವ ಕಡೆಯಿಂದ ಬಾಯಿಟ್ಟು ಊದಿದೆ. ಮುಳ್ಳು ಸರಿಯಾಗಿ ಕೂತಿದ್ದರೆ ಗಾಳಿ ಹೋಗಬಾರದು. ಸರಾಗವಾಗಿ ಹೋಯಿತು. ಬಾಯಿ ತುಂಬ ಚಿಮಣಿ ಎಣ್ಣೆಯ ರುಚಿ. ಉಗುಳಿ, ಮುಳ್ಳನ್ನು ಹೊರಗೆ ತೆಗೆದು ಸೆರಗಿಗೆ ಒರೆಸಿದೆ. ಸೆರಗಿನ ಮೇಲೆ ಬೆಳ್ಳಗೆ ಕೆಸರು. ಅದು ಕೂರುವ ತೂತಿನೊಳಗೆ ಕಸಬರಿಗೆಯ ಕಡ್ಡಿ ಆಡಿಸಿದರೆ ಅಲ್ಲಿಯೂ ಅದೇ.

"ಇದೇನ್ರಿ ಬೆಳ್ಳಗ?"

ಅವರು ಅದನ್ನು ಬೆರಳಿನಲ್ಲಿ ತಿಕ್ಕಿ, ಮೂಸಿ, ತಾಯಿಯ ಕಡೆ ನೋಡಿದರು. ಅವರ ಮುಖ ನೋಡಿ ನನಗೆ ತಿಳಿಯಿತು.

"ಮುಳ್ಳಿಗೂ ಹಚ್ಚೀರೇನು?"

"ಹಚ್ಚೀನಿ. ಅಮಾಸಿಗೂ ಹಚ್ಚೀನಿ."

"ಇಷ್ಟ ಸಣ್ಣ ಮುಳ್ಳಿಗೆ ಮೂರು ಬೆರಳು ಹೆಂಗ ಎಳದ್ರಿ?"

"ಎಳೀಲಿಲ್ಲ. ಬೊಟ್ಟು ಇಟ್ಟೆ."

ನಾನು ನಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಬೆಳಿಗ್ಗೆಯಿಂದ ಅವರು ಬಿಚ್ಚಿ ತೊಳೆಯುವುದು, ವಿಭೂತಿ ಹಚ್ಚಿ ಮುಚ್ಚುವುದು, ಅದು ಕರಗಿ ಮುಳ್ಳಿನ ಬುಡಕ್ಕೆ ಕೂತು ಮತ್ತೆ ಸೋರುವುದು. ರಿಪೇರಿ ಮಾಡಿದಷ್ಟೂ ಕೆಡುತ್ತಿತ್ತು.

ಅತ್ತೆಗೆ ಸಿಟ್ಟು ಬಂತು. "ವಿಭೂತಿಯಿಂದ ಕೆಡತೈತಿ ಅಂತೀಯೇನವಾ?"

"ಅತ್ತಿ, ನೀವು ವಿಭೂತಿ ಹಣಿಗೆ ಹಚ್ಕೋತೀರಿ. ಗಂಟಲಕ್ಕ ತುರುಕ್ಕೋತೀರೇನು? ಇದು ಎಂಜಿನ್ನಿನ ಗಂಟಲರಿ."

ಅತ್ತೆ ಬಾಗಿದ ಅಗಿಗಳ ಕಡೆ ನೋಡಿದರು. ಹಟಮಾರಿಯಾದರೂ ಒಕ್ಕಲುತನದ ಹೆಣ್ಣುಮಗಳು. "ಹಂಗಾರ ಇದರ ಹಣಿ ಯಾವುದು, ಅದನ್ನ ತೋರಸು" ಎಂದರು.

ಅದು ನನಗೂ ಗೊತ್ತಿರಲಿಲ್ಲ. ನಮ್ಮ ಮನೆಯವರಿಗೆ ಮಾತ್ರ ಜೀವ ಬಂತು. ಮಿಸ್ತ್ರಿಯ ಪಟ್ಟ ಕಳೆದುಕೊಂಡವರಿಗೆ ಇದಾದರೂ ಸಿಕ್ಕಿತಲ್ಲ ಎನ್ನುವ ಹಾಗೆ, ಹಗ್ಗ ಸುತ್ತುವ ದೊಡ್ಡ ಗಾಲಿಯನ್ನು ತಟ್ಟಿ, "ಇದ ಹಣಿ" ಎಂದರು.

ನಾನು ಮುಳ್ಳು, ತೂತು, ಡಬ್ಬಿಯನ್ನು ಪೆಟ್ರೋಲಿನಲ್ಲಿ ತೊಳೆದು ಬೋಳಾಗಿಯೇ ಕೂಡಿಸಿದೆ. ಮತ್ತೆ ಊದಿ ನೋಡಿದೆ. ಗಾಳಿ ಹೋಗಲಿಲ್ಲ. ಎಣ್ಣೆ ಬಿಡಲು ಟಾಕಿಯ ಕಾಕು ತಿರುಗಿಸಿ ಮೂವರೂ ಬಗ್ಗಿ ನೋಡಿದೆವು. ಸೋರಲಿಲ್ಲ. ಲಗ್ನಪತ್ರಿಕೆ ಅಲ್ಲಿಯೇ ಉಳಿಯಿತು. ಅದು ಗಟ್ಟಿಯಾಗಿಯೇ ಕೂತಿತ್ತು, ಅಷ್ಟು ಮಟ್ಟಿಗೆ ಅವರ ಕೆಲಸ ಚಲೋ ಇತ್ತು. ಅತ್ತೆ ತಾವೇ ಎದ್ದು ಬಂದು, ನಾನು ತೊಳೆದು ಹಾಕಿದ ವಿಭೂತಿಯ ಬಾಕಿಯನ್ನೂ ಸೇರಿಸಿ, ಗಾಲಿಗೆ ದಪ್ಪಗೆ ಮೂರು ಪಟ್ಟೆ ಎಳೆದರು. ಅದು ಒಣಗುವ ತನಕ ನಮ್ಮನ್ನು ನಿಲ್ಲಿಸಿದರು.

ನಮ್ಮ ಮನೆಯವರು ಗಾಲಿಯ ಎದುರಿಗೇ ನಿಂತು ಹಗ್ಗ ಸುತ್ತಿ ಎಳೆದರು. ಎಂಜಿನ್ನು ಎರಡು ಸಲ ಕೆಮ್ಮಿ ಹತ್ತಿಕೊಂಡಿತು. ಗಾಲಿ ತಿರುಗಿದ ರಭಸಕ್ಕೆ ವಿಭೂತಿಯೆಲ್ಲ ಪುಡಿಯಾಗಿ ಎದ್ದು ಅವರ ಮೋರೆಗೆ ಹೊಡೆಯಿತು. ಹುಬ್ಬು, ಮೀಸೆ, ರುಮಾಲು ಎಲ್ಲ ಬಿಳಿ.

"ಈಗ ಪೂಜಿ ಮುಟ್ಟಿತು" ಎಂದರು ಅತ್ತೆ.

ಒರೆಸಿಕೊಳ್ಳಲು ಅವರಿಗೆ ಪುರಸೊತ್ತು ಎಲ್ಲಿತ್ತು? ನೀರು ಕಾಲುವೆಗೆ ಬಿದ್ದಿತ್ತು. ಸಲಿಕೆ ಹಿಡಿದು ಮಡಿಯಿಂದ ಮಡಿಗೆ ನೀರು ತಿರುವುತ್ತ ಓಡಿದರು, ನಾನು ಹಿಂದಿನಿಂದ ಒಡ್ಡು ಕಟ್ಟುತ್ತ ಹೋದೆ. ಹೊತ್ತು ಮುಳುಗುವ ಮೊದಲು ಕೊನೆಯ ಮಡಿ ಮುಟ್ಟಿತು. ಬದುವಿನ ಕಡೆಯ ಒಂದಿಷ್ಟು ಅಗಿ ಸತ್ತವು, ಉಳಿದವು ಬೆಳಗಾಗುವಷ್ಟರಲ್ಲಿ ತಲೆ ಎತ್ತಿದವು.

ಮಾರನೆಯ ದಿನ ಮಹಾಕೂಟದಿಂದ ಬಂದ ಮಿಸ್ತ್ರಿ ಸುದ್ದಿ ತಿಳಿದು ಹೊಲಕ್ಕೇ ಬಂದ. ಏನು ಕೆಟ್ಟಿತ್ತು ಎಂದು ಕೇಳಿದ. ನಮ್ಮ ಮನೆಯವರು ನನ್ನ ಮುಖ ನೋಡಿದರು.

"ಏನಿಲ್ಲಪಾ, ಗಂಟಲ ಕಟ್ಟಿತ್ತು" ಎಂದು ಹೇಳಿ ನಾನು ಚಹಾಕ್ಕೆ ಇಟ್ಟೆ.