ನನ್ನ ದನಿಯನ್ನು ಯಾರೂ ನಂಬಲಿಲ್ಲ

ಗುಂಡಿಯ ಬದಿ ಕುಸಿದು ನನ್ನ ಸೊಂಟದವರೆಗೆ ಮಣ್ಣು ತುಂಬಿದರೂ ಮೇಲಿದ್ದ ಗೆಳೆಯರು ನಗುತ್ತಲೇ ಇದ್ದರು. ಕಾನಸೂರಿನ ಹತ್ತಿರ ಕಾಲೇಜೊಂದರ ಹೊಸ ಕಟ್ಟಡಕ್ಕೆ ನಕ್ಷೆ ಮಾಡುವ ತಂಡ ನಮ್ಮದು. ಮಳೆನೀರು ಇಂಗಿಸಲು ತೋಡಿದ್ದ ಆ ಗುಂಡಿಗೆ ಮಣ್ಣು ಪರೀಕ್ಷಿಸಲು ಇಳಿದ ನಾನು, ಆ ಕಾಲೇಜಿನ ಪ್ರಾಂಶುಪಾಲರ ದನಿಯಲ್ಲಿ ಭಾಷಣ ಬಿಗಿಯುತ್ತಿದ್ದೆ. ಕುಸಿದಾಗ ಕಿರುಚಿದ್ದು ಮಾತ್ರ ನನ್ನದೇ ದನಿ. ಸದಾ ಬೇರೆಯವರ ದನಿ ಅನುಕರಿಸಿ ನಗಿಸುವವನು ನಾನು; ನನ್ನ ಸ್ವಂತ ದನಿಯನ್ನು ಅವರು ಕೇಳಿದ್ದೇ ಅಪರೂಪ.

"ಇದು ಯಾರದ್ದೋ ಮಾರಾಯಾ? ಚೊಲೋ ಬಂತು!" ಎಂದು ಚಪ್ಪಾಳೆ ತಟ್ಟಿದರು. ಮಣ್ಣು ಎದೆಗೇರಿತು. ಉಸಿರು ಸಿಕ್ಕಲಿಲ್ಲ.

ಪಕ್ಕದ ಕಾಲುದಾರಿಯಲ್ಲಿ ಸೊಪ್ಪಿನ ಹೊರೆ ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬರು ಇಣುಕಿದರು. "ನಗಾಡೂದೆಂತಕ್ರೋ? ಹುಡ್ಗ ಸಾಯ್ತಾ ಇದಾನೆ!" ಎನ್ನುತ್ತ ಹೊರೆಯ ಹಗ್ಗ ಬಿಚ್ಚಿ ಎಸೆದರು. ಎಲ್ಲರೂ ಸೇರಿ ಎಳೆದರು.

ನಮ್ಮ ನಕ್ಷೆಯಲ್ಲಿ ಆ ಕಾಲುದಾರಿಗೆ ಅಡ್ಡಲಾಗಿ ಕಾಂಪೌಂಡ್ ಗೋಡೆಯಿತ್ತು. ಆ ಗೆರೆಯನ್ನು ನಾನೇ ಅಳಿಸಿದೆ. ಗೋಡೆ ಆಗಲೇ ಎದ್ದಿದ್ದರೆ ಅಂದು ಆ ದಾರಿಯಲ್ಲಿ ಯಾರೂ ಬರುತ್ತಿರಲಿಲ್ಲ.