ಐಸಿನ ಮೇಲೊಂದು ಕಂಬಳಿ

ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ಘನ, ದ್ರವ, ಅನಿಲದ ಪಾಠ ಬಂತೆಂದರೆ ನನಗೆ ಹಬ್ಬ. ಮಕ್ಕಳನ್ನು ಒತ್ತೊತ್ತಾಗಿ ನಿಲ್ಲಿಸಿ ಕೈ ಹಿಡಿಸಿದರೆ ಘನ. ಕೈ ಬಿಟ್ಟು ಒಬ್ಬರ ಮಗ್ಗುಲಲ್ಲೊಬ್ಬರು ಜಾರಿದರೆ ದ್ರವ. ಊಟದ ಬೆಲ್ಲು ಹೊಡೆದರೆ ಅನಿಲ. ಅದನ್ನು ನಾನು ಕಲಿಸಬೇಕಾಗಿರಲಿಲ್ಲ. ಅಣುಗಳ ನಡುವಿನ ಸೆಳೆತ ಹತ್ತಿರವಿದ್ದರಷ್ಟೇ ಬಲ, ದೂರ ಸರಿದರೆ ಇದ್ದೂ ಇಲ್ಲದಂತೆ ಎಂದು ಬೋರ್ಡಿನ ಮೇಲೆ ಬರೆದು ಕೆಳಗೆ ಗೆರೆ ಎಳೆಯುತ್ತಿದ್ದೆ. ತಾನು ಗೆರೆ ಎಳೆದ ಮಾತಿನ ಮೇಲೆ ಮೇಷ್ಟ್ರಿಗೆ ವಿಪರೀತ ನಂಬಿಕೆ.

ಚಾಮರಾಜನಗರ ಜಿಲ್ಲೆಯಾದ ಮರುವರ್ಷದ ಬೇಸಿಗೆ. ಉಮ್ಮತ್ತೂರಿನಲ್ಲಿ ನಮ್ಮಣ್ಣ ಶಿವಣ್ಣ ಬೆಳಿಗ್ಗೆ ಎಮ್ಮೆಗೆ ನೀರು ಕುಡಿಸುತ್ತಿದ್ದವನು ಅಲ್ಲೇ ಕುಸಿದು ತೀರಿಕೊಂಡ. ಅಪ್ಪ ಬೇಗ ಹೋಗಿದ್ದರಿಂದ ತಂಗಿ ಗೌರಿಯನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ಅವನೇ. ಅವಳೀಗ ಗಂಡನೊಂದಿಗೆ ವಯನಾಡಿನ ಕಾಫಿ ತೋಟದಲ್ಲಿದ್ದಳು. ತೋಟದ ಆಫೀಸಿಗೆ ಫೋನು ಸಿಕ್ಕಾಗ ಸಂಜೆಯಾಗಿತ್ತು. ಇನ್ನು ಅವಳು ಬರುವುದು ಮಾರನೆಯ ದಿನವೇ.

"ಗೌರಿ ಅವನ ಮೊಕ ನೋಡೋಗಂಟ ಎತ್ತಬ್ಯಾಡಿ," ಎಂದಳು ಅವ್ವ.

ನಾನು ಚಾಮರಾಜನಗರಕ್ಕೆ ಹೋಗಿ ಐಸಿನ ಗಡ್ಡೆಗಳನ್ನು ಗೋಣಿಯಲ್ಲಿ ಸುತ್ತಿಸಿ ಟೆಂಪೋದಲ್ಲಿ ತಂದೆ. ದಾರಿಯುದ್ದಕ್ಕೂ ನೀರು ಸೋರುತ್ತಿತ್ತು. ಅಷ್ಟು ವರ್ಷ ಕರಗುವುದನ್ನು ಚಂದವಾಗಿ ವಿವರಿಸಿದವನು ಈಗ ಒದ್ದೆ ಗೋಣಿಯನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದು ಕೂತಿದ್ದೆ.

ಮಾರನೆಯ ಬೆಳಿಗ್ಗೆ ಬಿಸಿಲೇರಿದಾಗ ಅವ್ವ ಒಳಗಿಂದ ಕರಿಕಂಬಳಿ ತಂದು, ಸುತ್ತ ಜೋಡಿಸಿದ್ದ ಐಸಿನ ಸಮೇತ ಅಣ್ಣನಿಗೆ ಹೊದಿಸತೊಡಗಿದಳು.

ಸೋದರಮಾವ ತಡೆದರು. "ಅಕ್ಕ, ಕಂಬ್ಳಿ ತಗಿ. ಕಾವಿಗೆ ಐಸೆಲ್ಲ ಕರಗೋಯ್ತದೆ."

"ಮಗೀಗೆ ಚಳಿ ಆಯ್ತದೆ ಕಣಪ್ಪ," ಎಂದಳು ಅವ್ವ.

ಎಲ್ಲರೂ ನನ್ನ ಮುಖ ನೋಡಿದರು. "ಬುಡಿ ಮಾವ, ಇರ್ಲಿ," ಎಂದೆ. "ಕಂಬ್ಳಿ ತಾನಾಗಿ ಕಾವು ಕೊಡಲ್ಲ. ಹೊರಗ್ನ ಕಾವ ಒಳಕ್ಕೆ ಬುಡಲ್ಲ ಅಷ್ಟೆ. ಹೊದ್ಸಿದ್ರೆ ಐಸು ಇನ್ನೂ ವಸಿ ಹೊತ್ತು ಉಳೀತದೆ."

ಪಾಠ ಕೇಳಿ ಮಾವ ಹಿಂದೆ ಸರಿದರು. ಅವ್ವ ಕೇಳಿಸಿಕೊಳ್ಳಲೇ ಇಲ್ಲ. ನಾನು ಬೇಡವೆಂದಿದ್ದರೂ ಅವಳು ಹೊದಿಸುತ್ತಿದ್ದಳು.

ಮಧ್ಯಾಹ್ನದ ಬಸ್ಸಿಗೆ ಗೌರಿ ಬಂದಳು. ಕಾಡು ದಾಟಿ ಬಂದ ಧೂಳು ಕೂದಲ ಮೇಲೆ ಹಾಗೇ ಇತ್ತು. ಕಂಬಳಿ ಸರಿಸಿದಳು. ಅಣ್ಣನ ಮುಖ ಮಲಗಿದವನ ಹಾಗೇ ಇತ್ತು. ಕೆನ್ನೆಯ ಮೇಲೆ ಅಂಗೈಯಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು:

"ಚಿಕ್ಕಣ್ಣ, ಇಷ್ಟ್ ತಣ್ಗಾಗವ್ನಲ್ಲ. ಇನ್ನೊಂದು ಕಂಬ್ಳಿ ಇರ್ನಿಲ್ವ?"

ಐಸು ಆಗಲೇ ಪೂರ್ತಿ ನೀರಾಗಿತ್ತು. ಎದ್ದು ಒಳಗೆ ಹೋಗಿ ಇನ್ನೊಂದು ಕಂಬಳಿ ತಂದೆ. ಅವಳು ಒಂದು ಅಂಚು ಹಿಡಿದಳು, ನಾನೊಂದು. ಈ ಸಲ ಅದಕ್ಕೆ ಕಾರಣ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.